ನಿಮಗಿದು ಗೊತ್ತೇ? ಕಾರಿನ ಸಬ್‌ವೂಫರ್ ಸಪ್ಪೆಯಾದರೆ ತಪ್ಪು ಅದರದ್ದೇ ಆಗಿರಬೇಕಿಲ್ಲ

12 ಇಂಚಿನ ಸಬ್‌ವೂಫರ್, ಅದಕ್ಕೊಂದು ಮೋನೊ ಆಂಪ್ಲಿಫೈಯರ್, ಡಿಕ್ಕಿಯ ಅರ್ಧ ಜಾಗ ನುಂಗುವ ಡಬ್ಬ. ಇಷ್ಟೆಲ್ಲ ಹಾಕಿಸಿದ ಮೇಲೂ ಹಾಡಿನಲ್ಲಿ ಧಿಮ್ಮೆನ್ನುವುದು ಬರಲಿಲ್ಲವೆಂದರೆ ಬಹಳ ಮಂದಿ ಸಬ್‌ವೂಫರನ್ನೇ ಬೈದು, ಇನ್ನೂ ದೊಡ್ಡದನ್ನು ಹಾಕಿಸಲು ಹೊರಡುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಫೋನಿನಲ್ಲೊಂದು ಟೋನ್ ಜನರೇಟರ್ ಆ್ಯಪ್ ಇದ್ದರೆ ಇಲ್ಲಿರುವ ಹೆಚ್ಚಿನ ಸಂಗತಿಗಳನ್ನು ಮನೆ ಮುಂದೆಯೇ ಪರೀಕ್ಷಿಸಿ ನೋಡಬಹುದು.

ಮನುಷ್ಯನ ಕಿವಿ 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಅದರಲ್ಲಿ ಸಬ್‌ವೂಫರಿನ ಪಾಲಿಗೆ ಬರುವುದು ತಳದ 20ರಿಂದ 80 ಹರ್ಟ್ಜ್ ಅಷ್ಟೇ. ಆದರೂ ಸಂಗೀತದ ಲೆಕ್ಕದಲ್ಲಿ ಅದು ಪೂರಾ ಎರಡು ಸ್ಥಾಯಿ! ಪಿಯಾನೊದ ಅತಿ ತಗ್ಗಿನ ಸ್ವರ 27.5 ಹರ್ಟ್ಜ್, ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು ಸುಮಾರು 41 ಹರ್ಟ್ಜ್‌ನಲ್ಲಿ.

ವಾಲ್ಯೂಮ್ ಇಳಿಸಿದೊಡನೆ ಬೇಸ್ ಮಾತ್ರ ಮಾಯವಾಗುತ್ತದೆಯೇ? ಅದು ದೋಷವಲ್ಲ, ಕಿವಿಯ ಸ್ವಭಾವ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. 1,000 ಹರ್ಟ್ಜ್‌ನ ಸದ್ದು 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ, ಅಷ್ಟೇ ಜೋರಾಗಿ ಕೇಳಬೇಕಾದರೆ 50 ಹರ್ಟ್ಜ್‌ನ ಸದ್ದಿಗೆ ಸುಮಾರು 78 ಡೆಸಿಬೆಲ್ ಬೇಕು. ಸ್ಟೀರಿಯೊದಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುವುದು ಈ ಕೊರತೆ ತುಂಬಲಿಕ್ಕೇ.

ಸ್ಪೀಕರಿಗೆ ಪ್ಲಸ್–ಮೈನಸ್ ಉಲ್ಟಾ ಕೊಟ್ಟರೆ ಅದು ಸುಡುವುದಿಲ್ಲ, ಸುಮ್ಮನೂ ಆಗುವುದಿಲ್ಲ. ತಪ್ಪು ಬೇಗ ಸಿಕ್ಕಿಬೀಳದಿರುವುದು ಇದೇ ಕಾರಣಕ್ಕೆ. ಎರಡು ಸಬ್‌ಗಳಿದ್ದು ಒಂದರ ವೈರ್ ಮಾತ್ರ ಉಲ್ಟಾ ಆಗಿದ್ದರೆ, ಒಂದರ ಕೋನ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆಳೆಯುತ್ತದೆ. ಎರಡೂ ಬೆವರು ಸುರಿಸಿ ದುಡಿಯುತ್ತವೆ, ಕೇಳುವವರಿಗೆ ಬೇಸ್ ಇಲ್ಲ. ಈಗಿನ ಎಷ್ಟೋ ಸಬ್‌ಗಳಲ್ಲಿ ಕೋನನ್ನು ಅಲುಗಿಸುವ ವಾಯ್ಸ್ ಕಾಯಿಲ್‌ಗಳು ಎರಡು ಇರುತ್ತವೆ. ಅವುಗಳಲ್ಲೊಂದು ಉಲ್ಟಾ ಆದರೆ ಒಂದೇ ಕೋನಿನ ಮೇಲೆ ಎರಡು ಬಲಗಳು ಎದುರುಬದುರಾಗಿ ಜಗ್ಗಾಡುತ್ತವೆ, ಕೋನ್ ಅಲುಗುವುದೇ ಇಲ್ಲ. ಪರೀಕ್ಷೆ ಬಲು ಸುಲಭ. ಆಂಪ್‌ನಿಂದ ವೈರ್ ಕಳಚಿ, ಒಂದು 9 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಪ್ಲಸ್‌ಗೂ ಮೈನಸ್ಸನ್ನು ಮೈನಸ್‌ಗೂ ಕ್ಷಣಕಾಲ ಮುಟ್ಟಿಸಿ. ಕೋನ್ ಹೊರಕ್ಕೆ ಜಿಗಿಯಬೇಕು. ಪ್ರತಿ ಕಾಯಿಲನ್ನೂ ಬೇರೆಬೇರೆಯಾಗಿ ಹೀಗೇ ನೋಡಬೇಕು. ಸಬ್ ಸಪ್ಪೆ ಎಂದು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನೇ.

ಇದಕ್ಕಿಂತ ಅಡಗಿ ಕೂರುವ ಒಂದು ಉಲ್ಟಾ ಇದೆ. ಹಾಡುಗಳ ಧ್ವನಿಮುದ್ರಣದಲ್ಲಿ ತಳದ ಬೇಸ್ ಸಾಮಾನ್ಯವಾಗಿ ಎಡ–ಬಲ ಎರಡರಲ್ಲೂ ಒಂದೇ ತೆರನಾಗಿರುತ್ತದೆ. ಕಂಪನಿಯ ಸ್ಟೀರಿಯೊಗೆ ಆರ್‌ಸಿಎ ಔಟ್‌ಪುಟ್ ಇಲ್ಲದ ಕಾರುಗಳಲ್ಲಿ ಹಿಂದಿನ ಸ್ಪೀಕರಿನ ವೈರಿನಿಂದಲೇ ಆಂಪ್‌ಗೆ ಸಿಗ್ನಲ್ ಎಳೆಯುತ್ತಾರೆ. ಹಾಗೆ ಎಳೆಯುವಾಗ ಎಡದ್ದು ಸರಿಯಾಗಿ ಬಲದ್ದು ಉಲ್ಟಾ ಆಯಿತೆನ್ನಿ. ಮೋನೊ ಆಂಪ್ ಎರಡನ್ನೂ ಕೂಡಿಸಿದಾಗ ಒಂದೇ ತೆರನಾದ ಬೇಸ್ ಕೂಡಿ ಸೊನ್ನೆಯಾಗುತ್ತದೆ. ಸಬ್‌ಗೆ ಬಂದ ವೈರ್ ಸರಿ, ಸಬ್ ಸರಿ, ಆಂಪ್ ಸರಿ, ಆದರೂ ಏನೂ ಇಲ್ಲ! ಎರಡರಲ್ಲಿ ಒಂದು ಸಿಗ್ನಲನ್ನು ಕಳಚಿದಾಗ ಬೇಸ್ ಹೆಚ್ಚಿತೆಂದರೆ ರೋಗ ಇದೇ ಎಂದು ತಿಳಿಯಿರಿ.

ಆಂಪ್‌ನ ಮೈಮೇಲೆ ‘2000 ವ್ಯಾಟ್’ ಎಂದು ಬರೆದಿದೆಯೇ? ಅದನ್ನು ಬಿಟ್ಟು ಪಕ್ಕದ ಫ್ಯೂಸ್ ನೋಡಿ. ಅಲ್ಲಿ 30 ಆಂಪಿಯರ್ ಇದ್ದರೆ ಲೆಕ್ಕ ನೇರ: 30 ಆಂಪಿಯರ್, 13.8 ವೋಲ್ಟ್, ಒಳಗೆ ಹೋದದ್ದರಲ್ಲಿ ನೂರಕ್ಕೆ ಎಂಬತ್ತು ಪಾಲು ಹೊರಬಂದರೂ ಸುಮಾರು 330 ವ್ಯಾಟ್. ಅಷ್ಟೇ. ಕೊಳ್ಳುವಾಗ ಕೇಳಬೇಕಾದದ್ದು ಆರ್‌ಎಂಎಸ್ ಅಂಕಿಯನ್ನು, ಎಂದರೆ ಆಂಪ್ ಬಿಡದೆ ಕೊಡಬಲ್ಲ ಶಕ್ತಿಯನ್ನು.

ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿ ಆಗುವುದಿಲ್ಲ, ಹೆಚ್ಚುವುದು 3 ಡೆಸಿಬೆಲ್ ಮಾತ್ರ.

ಅದೇ ಆಂಪ್, ಅದೇ ಸಬ್. ಆದರೂ ವೈರ್ ಜೋಡಿಸಿದ ಬಗೆಯೊಂದರಿಂದಲೇ ಶಕ್ತಿ ಕಾಲುಭಾಗಕ್ಕೆ ಇಳಿಯಬಹುದು. 4 ಓಮ್‌ನ ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಕೊಟ್ಟರೆ 2 ಓಮ್, ಸೀರೀಸ್ ಕೊಟ್ಟರೆ 8 ಓಮ್. 2 ಓಮ್‌ಗೆ 500 ವ್ಯಾಟ್ ಕೊಡುವ ಆಂಪ್ 8 ಓಮ್‌ಗೆ ಅದರ ಕಾಲುಭಾಗದ ಆಸುಪಾಸಿನಲ್ಲಿ ಮಾತ್ರ ಕೊಟ್ಟೀತು. ಇದರ ತಿರುವುಮುರುವೂ ಉಂಟು. 4 ಓಮ್‌ಗಿಂತ ಕೆಳಗೆ ತಾಳದ ಆಂಪ್‌ಗೆ 2 ಓಮ್ ತಗಲಿಸಿದರೆ ಸ್ವಲ್ಪ ಹೊತ್ತು ಬಾರಿಸಿ ‘ಪ್ರೊಟೆಕ್ಟ್’ ದೀಪ ಹೊತ್ತಿಸಿ ಕೂತುಬಿಡುತ್ತದೆ.

‘ಗೇನ್’ ತಿರುಪು ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲಿಗೂ ಆಂಪ್‌ನ ಸಾಮರ್ಥ್ಯಕ್ಕೂ ಹೊಂದಾಣಿಕೆ ಮಾಡಲು ಅದನ್ನು ಇಟ್ಟಿದ್ದಾರೆ. ಅದನ್ನು ಅಂದಾಜಿನಲ್ಲಿ ತಿರುಗಿಸುವ ಬದಲು ಅಳೆಯಬಹುದು. ಸಬ್‌ನ ವೈರ್ ಕಳಚಿ, ಬೇಸ್ ಬೂಸ್ಟ್, ಈಕ್ವಲೈಜರ್ ಎಲ್ಲ ಸೊನ್ನೆಗಿಟ್ಟು, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ತಂದು, 50 ಹರ್ಟ್ಜ್ ಟೋನನ್ನು ಪೂರ್ಣ ಮಟ್ಟದಲ್ಲಿ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. 300 ವ್ಯಾಟ್, 2 ಓಮ್ ಆದರೆ ಸುಮಾರು 24.5 ವೋಲ್ಟ್, 300 ವ್ಯಾಟ್, 4 ಓಮ್ ಆದರೆ ಸುಮಾರು 34.6. ಮೀಟರ್ ಆ ಅಂಕಿ ಮುಟ್ಟಿದಲ್ಲಿಗೆ ಗೇನ್ ನಿಲ್ಲಿಸಿ. ಹೈಸ್ಕೂಲಿನ ಗಣಿತ ಇಷ್ಟು ಇಂಪಾದ ಕೆಲಸಕ್ಕೆ ಬರುವುದು ನನಗಂತೂ ಬಹಳ ಖುಷಿ ಕೊಡುತ್ತದೆ.

ಬೇಸ್ ಬೂಸ್ಟ್ ಗುಂಡಿಯನ್ನು 12 ಡೆಸಿಬೆಲ್‌ಗೆ ಏರಿಸಿದರೆ ಆ ತಳದ ಸದ್ದುಗಳಿಗೆ ಆಂಪ್ ಕೊಡಬೇಕಾದದ್ದು ಸುಮಾರು 16 ಪಟ್ಟು ಶಕ್ತಿ! ಅದರ ಬಳಿ ಅಷ್ಟು ಇಲ್ಲ. ಆಗ ಅಲೆಯ ತಲೆ–ತಳ ಕತ್ತರಿಸಿದಂತಾಗಿ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಗುಂಡಗಿನ ಸದ್ದು ಒರಟಾಗಿ ಬರಬರ ಎನ್ನುತ್ತದೆ, ಕಾಯಿಲ್ ಕಾಯುತ್ತದೆ. ಅದೇ ಎತ್ತರದ ನುಣುಪು ಅಲೆಗಿಂತ ಪೂರ್ತಿ ಚಪ್ಪಟೆಯಾದ ಅಲೆ ಎರಡು ಪಟ್ಟು ಶಕ್ತಿಯನ್ನು ಕಾಯಿಲಿಗೆ ಸುರಿಯುತ್ತದೆ. ಡಿಕ್ಕಿ ತೆರೆದಾಗ ಸುಟ್ಟ ವಾರ್ನಿಷ್ ವಾಸನೆ ಬಂದರೆ ತಕ್ಷಣ ಆರಿಸಿ.

ಕಾರಿನ ಬಾಡಿಯೇ ಆಂಪ್‌ನ ಮೈನಸ್ ದಾರಿ. ಪ್ಲಸ್‌ಗೆ ಬೆರಳು ದಪ್ಪದ ವೈರ್ ಎಳೆದು, ಅರ್ತ್‌ಗೆ ಮಾತ್ರ ಸಣ್ಣ ವೈರನ್ನು ಬಣ್ಣ ಬಳಿದ ಬೋಲ್ಟಿನ ಕೆಳಗೆ ಸಿಕ್ಕಿಸಿರುವುದು ಎಷ್ಟೋ ಕಾರುಗಳಲ್ಲಿ ಕಾಣಸಿಗುತ್ತದೆ. ಎಷ್ಟು ಕರೆಂಟ್ ಹೋಯಿತೋ ಅಷ್ಟೇ ಹಿಂದಿರುಗಬೇಕಲ್ಲವೇ? ಅರ್ತ್ ವೈರ್ ಪ್ಲಸ್‌ನಷ್ಟೇ ದಪ್ಪ ಇರಲಿ, ಒಂದೂವರೆ ಅಡಿಗಿಂತ ಉದ್ದ ಬೇಡ. ಅದು ಕೂರುವ ಜಾಗದ ಬಣ್ಣವನ್ನು ಉಜ್ಜುಕಾಗದದಿಂದ ಹೊಳೆಯುವ ಲೋಹದವರೆಗೆ ಕೆರೆದು ಬಿಗಿಯಬೇಕು, ಮೇಲೆ ಗ್ರೀಸ್ ಬಳಿದು ತುಕ್ಕು ತಡೆಯಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಅರ್ತ್‌ಗೆ ಬಳಸಬೇಡಿ. ಅದು ಪ್ರಾಣ ಕಾಯುವ ಬೋಲ್ಟ್. ಪರೀಕ್ಷೆ ಹೀಗೆ: ಜೋರಾಗಿ ಟೋನ್ ಬಾರಿಸುತ್ತ, ಮೀಟರನ್ನು ಡಿಸಿ ವೋಲ್ಟಿಗಿಟ್ಟು ಆಂಪ್‌ನ ಅರ್ತ್ ಟರ್ಮಿನಲ್ಲಿಗೂ ಬ್ಯಾಟರಿಯ ಮೈನಸ್‌ಗೂ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿದರೆ ದೋಷ ಅಲ್ಲೇ ಇದೆ. ಎಂಜಿನ್ ವೇಗದ ಜೊತೆ ಏರಿಳಿಯುವ ಕುಂಯ್ ಎಂಬ ಸದ್ದಿಗೂ ಬಹಳ ಸಲ ಇದೇ ಮೂಲ.

ತಾಮ್ರದಂತೆ ಕಾಣುವುದೆಲ್ಲ ತಾಮ್ರವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಆಂಪ್ ವೈರಿಂಗ್ ಕಿಟ್ ಕೊಳ್ಳುವಾಗ ‘ಫುಲ್ ಕಾಪರ್ರಾ, ಸಿಸಿಎನಾ?’ ಎಂದು ಕೇಳಿ. ಸಿಸಿಎ ಎಂದರೆ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ವಿದ್ಯುತ್ ಒಯ್ಯುವುದು ತಾಮ್ರದ ನೂರಕ್ಕೆ ಸುಮಾರು 61 ಪಾಲು. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಸಿಸಿಎ. ಬ್ಯಾಟರಿಯಿಂದ ಡಿಕ್ಕಿಯವರೆಗೆ 5 ಮೀಟರ್ ವೈರ್, 60 ಆಂಪಿಯರ್ ಕರೆಂಟ್ ಎಂದಿಟ್ಟುಕೊಳ್ಳಿ. 4 ಗೇಜ್ ಶುದ್ಧ ತಾಮ್ರದಲ್ಲಿ ಕಾಲು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 8 ಗೇಜ್ ತಾಮ್ರದಲ್ಲಿ 0.6 ವೋಲ್ಟ್, 8 ಗೇಜ್ ಸಿಸಿಎಯಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟ್. ಗೇಜ್ ಅಂಕಿ ಕಡಿಮೆಯಾದಷ್ಟೂ ವೈರ್ ದಪ್ಪ ಎಂಬುದು ನೆನಪಿರಲಿ.

ಪ್ಲಸ್ ವೈರಿನ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಆ ಫ್ಯೂಸ್ ಆಂಪನ್ನು ಕಾಯುವುದಕ್ಕಲ್ಲ. ವೈರ್ ಎಲ್ಲೋ ತರಚಿ ಬಾಡಿಗೆ ತಗುಲಿದರೆ ಕಾರಿಗೆ ಬೆಂಕಿ ಹತ್ತದಿರಲೆಂದು ಇರುವುದು. ಇದರಲ್ಲಿ ರಾಜಿ ಬೇಡವೇ ಬೇಡ.

ಎಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿ ತೋರಿಸುವುದು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಪ್ರತಿ ‘ಧಂ’ಗೂ ಹೆಡ್‌ಲೈಟ್ ಮಂಕಾಗುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ವೋಲ್ಟೇಜ್ ಬಿದ್ದೊಡನೆ ಅನೇಕ ಆಂಪ್‌ಗಳ ಶಕ್ತಿಯೂ ಬೀಳುತ್ತದೆ.

ಇನ್ನು ಡಬ್ಬದ ವಿಷಯ. ಡಬ್ಬವಿಲ್ಲದ ಸಬ್‌ವೂಫರ್ ಎಷ್ಟೇ ಬೆಲೆಯದ್ದಾದರೂ ಬೇಸ್ ಕೊಡಲಾರದು, ಯಾಕೆಂದರೆ ಕೋನಿನ ಮುಂದಿನ ಒತ್ತಡವೂ ಬೆನ್ನ ಹಿಂದಿನ ಸೆಳೆತವೂ ಅಂಚಿನಲ್ಲೇ ಸುತ್ತಿಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಆ ಬೆನ್ನಿನ ಅಲೆಯನ್ನು ಏನು ಮಾಡಬೇಕೆಂಬುದು ಒಂದು ಶತಮಾನದ ಯೋಚನೆ. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಅದನ್ನು ಒಂದು ಕಿಂಡಿಯ ಮೂಲಕ ಹೊರಬಿಟ್ಟು ದುಡಿಸಿಕೊಳ್ಳುವ ಉಪಾಯಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಪೋರ್ಟೆಡ್ ಡಬ್ಬ ಅದೇ. 1954ರಲ್ಲಿ ಎಡ್ಗರ್ ವಿಲ್‌ಚರ್, ಪೂರ್ತಿ ಮುಚ್ಚಿದ ಸಣ್ಣ ಡಬ್ಬದೊಳಗಿನ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿ ಹೊಸ ದಾರಿ ತೋರಿಸಿದರು. ಆಸ್ಟ್ರೇಲಿಯಾದ ನೆವಿಲ್ ಥೀಲೆ 1961ರಲ್ಲಿ ಬರೆದ ಪ್ರಬಂಧ, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದ ಕೆಲಸ, ಇವೆರಡರ ಫಲವೇ ಇವತ್ತು ಪ್ರತಿ ಸಬ್‌ವೂಫರಿನ ಜೊತೆ ಬರುವ ಥೀಲೆ–ಸ್ಮಾಲ್ ಅಂಕಿಗಳು. ಯಾವ ಸಬ್‌ಗೆ ಎಷ್ಟು ಲೀಟರ್ ಡಬ್ಬ ಎಂಬುದು ಆ ಅಂಕಿಗಳಲ್ಲಿ ಅಡಗಿದೆ. ಅಂಗಡಿಯಲ್ಲಿ ಸಿದ್ಧವಿದ್ದ ಯಾವುದೋ ಡಬ್ಬಕ್ಕೆ ಯಾವುದೋ ಸಬ್ ಕೂರಿಸಿದಾಗ ಹಾಳಾಗುವುದು ಈ ಲೆಕ್ಕವೇ. ತೂತಿನ ಅಳತೆ ಕೂಡಿಬಂತು ಎಂದರೆ ಡಬ್ಬ ಕೂಡಿಬಂತು ಎಂದಲ್ಲ.

ಪೋರ್ಟೆಡ್ ಡಬ್ಬವನ್ನು ಒಂದು ಕಂಪನಕ್ಕೆ ಶ್ರುತಿ ಮಾಡಿರುತ್ತಾರೆ, ಉದಾಹರಣೆಗೆ 35 ಹರ್ಟ್ಜ್. ಅದಕ್ಕಿಂತ ಕೆಳಗಿನ ಸದ್ದು ಬಂದರೆ ಕೋನಿಗೆ ಗಾಳಿಯ ಹಿಡಿತ ತಪ್ಪಿ ಅದು ಹುಚ್ಚಾಪಟ್ಟೆ ಕುಣಿಯುತ್ತದೆ. ಕೇಳುವುದು ಕಟಕಟ ಮಾತ್ರ. ಆಂಪ್‌ನಲ್ಲಿರುವ ‘ಸಬ್‌ಸಾನಿಕ್’ ಫಿಲ್ಟರನ್ನು ಶ್ರುತಿಗಿಂತ ತುಸು ಕೆಳಗೆ, ಇಲ್ಲಿ 30 ಹರ್ಟ್ಜ್ ಸುತ್ತ, ಇಟ್ಟರೆ ಸಾಕು.

ಡಬ್ಬ ಸೋರುತ್ತಿದೆಯೇ ಎಂದು ತಿಳಿಯಲು ಊದುಬತ್ತಿ ಸಾಕು! 30 ಹರ್ಟ್ಜ್ ಟೋನನ್ನು ಮೆಲ್ಲಗೆ ಬಾರಿಸುತ್ತ, ಹೊಗೆಯನ್ನು ಮೂಲೆಗಳ ಸಂದು, ಟರ್ಮಿನಲ್ ಪ್ಲೇಟ್, ಸಬ್‌ನ ಸುತ್ತಂಚಿನ ಬಳಿ ಹಿಡಿಯಿರಿ. ಮುಚ್ಚಿದ ಡಬ್ಬದಲ್ಲಿ ಹೊಗೆ ಎಲ್ಲಿ ಪಟಪಟ ಅಲುಗಿತೋ ಅಲ್ಲಿ ಸೀಳಿದೆ. ಸಿಲಿಕೋನ್ ಸೀಲಂಟ್ ಒಂದು ಗೆರೆ ಎಳೆದರೆ ಬೇಸ್ ಮರಳುತ್ತದೆ. ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬಿ ಕೂಡುಗಳು ಬಿಡುತ್ತವೆ, ಆದ್ದರಿಂದ ಮಲೆನಾಡು–ಕರಾವಳಿಯ ಮಳೆಗಾಲ ಕಳೆದ ಮೇಲೆ ಈ ಪರೀಕ್ಷೆ ಒಮ್ಮೆ ಮಾಡುವುದು ಒಳ್ಳೆಯದು. ಕಡಲ ಗಾಳಿಯ ಉಪ್ಪಿಗೆ ಟರ್ಮಿನಲ್‌ಗಳ ತಾಮ್ರ ಹಸಿರುಗಟ್ಟುವುದನ್ನೂ ಆಗಲೇ ನೋಡಿಕೊಳ್ಳಿ.

40 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 8.6 ಮೀಟರ್, ಕಾರಿಗಿಂತಲೂ ಉದ್ದ! ಹಾಗಾದರೆ ಅಷ್ಟು ಉದ್ದದ ಅಲೆ ಕಾರಿನೊಳಗೆ ಹಿಡಿಸುವುದು ಹೇಗೆ? ಅದು ಅಲೆಯಾಗಿ ಹರಿಯುವುದೇ ಇಲ್ಲ. ಒಳಗಿನ ಗಾಳಿಯೆಲ್ಲ ಒಟ್ಟಾಗಿ ಒತ್ತಿ ಸಡಿಲಗೊಳ್ಳುತ್ತದೆ. ಒಳಗಿನ ಉದ್ದ 3 ಮೀಟರ್ ಇದ್ದರೆ ಸುಮಾರು 57 ಹರ್ಟ್ಜ್‌ಗಿಂತ ಕೆಳಗೆ ಈ ಆಟ ಶುರು. ಅಲ್ಲಿಂದ ಕೆಳಗೆ ಒಂದೊಂದು ಸ್ಥಾಯಿ ಇಳಿದಂತೆ ಕಾರೇ ಬೇಸನ್ನು ಎತ್ತಿಕೊಡುತ್ತದೆ, ಸಿದ್ಧಾಂತದ ಪ್ರಕಾರ 12 ಡೆಸಿಬೆಲ್‌ನಷ್ಟು. ಮುಚ್ಚಿದ ಡಬ್ಬದ ಸಬ್ ತನ್ನ ಮಿತಿಗಿಂತ ಕೆಳಗೆ ಸ್ಥಾಯಿಗೆ ಅದೇ 12 ಡೆಸಿಬೆಲ್ ಇಳಿಯುತ್ತ ಹೋಗುತ್ತದೆ. ಇಳಿತಕ್ಕೆ ಏರಿಕೆ ಸೇರಿ ಬೇಸ್ ಸಮವಾಗುತ್ತದೆ. ಮನೆಯ ಹಾಲ್‌ನಲ್ಲಿ ಕ್ಷೀಣವೆನಿಸುವ ಸಣ್ಣ ಮುಚ್ಚಿದ ಡಬ್ಬ ಕಾರಿನಲ್ಲಿ ತುಂಬಿ ನುಡಿಯುವುದು ಈ ಕಾರಣಕ್ಕೆ. ಮಾತು ಕಿವಿಗೆ ಹಿತವಾದ, ಬಿಗಿಯಾದ ಬೇಸಿನದ್ದಾದರೆ ನನ್ನ ಮತ ಯಾವತ್ತೂ ಮುಚ್ಚಿದ ಡಬ್ಬಕ್ಕೆ. ಕಿಟಕಿ ಇಳಿಸಿದರೆ ಈ ಏರಿಕೆ ಸೋರಿಹೋಗುತ್ತದೆ. ಆಮೇಲೆ ಸಬ್ಬನ್ನು ದೂರಬೇಡಿ.

ಹೆದ್ದಾರಿಯಲ್ಲಿ ಹಿಂದಿನ ಕಿಟಕಿಯೊಂದನ್ನೇ ತೆರೆದಾಗ ಕಿವಿಗೆ ಗುಬುಗುಬು ಬಡಿಯುತ್ತದಲ್ಲ, ಆಗ ಇಡೀ ಕಾರೇ ಒಂದು ಅನುರಣಕ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ವಿವರಿಸಿದ ಆ ತತ್ವದ ಮೇಲೆಯೇ ಪೋರ್ಟೆಡ್ ಡಬ್ಬವೂ ನಿಂತಿದೆ.

ಹಿಂದಿನ ಸೀಟಿನ ಬೆನ್ನು ಡಿಕ್ಕಿಯನ್ನು ಬೇರ್ಪಡಿಸುವ ಸೆಡಾನ್‌ಗಳಲ್ಲಿ ಸಬ್ ಯಾವ ಕಡೆ ಮುಖ ಮಾಡಿದೆ ಎಂಬುದು ದೊಡ್ಡ ವ್ಯತ್ಯಾಸ ತರುತ್ತದೆ. ಖರ್ಚಿಲ್ಲದ ಪ್ರಯೋಗ: ಡಬ್ಬವನ್ನು ತಿರುಗಿಸಿ, ಸಬ್ ಹಿಂಬದಿಯ ದೀಪಗಳ ಕಡೆ ನೋಡುವಂತೆ ಇಟ್ಟು ಅದೇ ಹಾಡನ್ನು ಚಾಲಕನ ಸೀಟಿನಿಂದ ಕೇಳಿ. ಮಡಚುವ ಸೀಟಾದರೆ ಒಂದು ಬದಿ ಮಡಚಿಯೂ ನೋಡಿ.

ತಳದ ಸದ್ದನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ ಸ್ಟೀರಿಯೊದಲ್ಲೂ ಆನ್, ಆಂಪ್‌ನಲ್ಲೂ ಆನ್ ಆಗಿದ್ದರೆ ಸಬ್‌ಗೆ ಎರಡು ಜರಡಿ ಹಿಡಿದ ಹಾಗೆ: 80 ಹರ್ಟ್ಜ್ ಸುತ್ತಲಿನ ಸದ್ದು ಎರಡು ಸಲ ಕಳೆದುಹೋಗುತ್ತದೆ. ಒಂದನ್ನು ಆಫ್ ಮಾಡಿ.

‘ಫೇಸ್ 0/180’ ಎಂಬ ಸ್ವಿಚ್ಚನ್ನು ಮುಟ್ಟಿಯೇ ನೋಡದವರು ಬಹಳ. ಡಿಕ್ಕಿಯ ಸಬ್, ಬಾಗಿಲಿನ ಸ್ಪೀಕರ್ ಎರಡೂ 80 ಹರ್ಟ್ಜ್ ಬಳಿ ಒಂದೇ ಸದ್ದನ್ನು ಹಂಚಿಕೊಂಡು ನುಡಿಯುತ್ತವೆ. ಅಲ್ಲಿ ಅಲೆಯ ಉದ್ದ 4.3 ಮೀಟರ್. ನಿಮ್ಮ ಕಿವಿಗೆ ಎರಡರ ದೂರದಲ್ಲಿ ಇದರ ಅರ್ಧದಷ್ಟು ವ್ಯತ್ಯಾಸ ಬಂದರೆ ಒಂದನ್ನೊಂದು ಅಳಿಸುತ್ತವೆ. ಫಿಲ್ಟರ್‌ಗಳು ಮಾಡುವ ವಿಳಂಬವೂ ಅದಕ್ಕೆ ಸೇರುತ್ತದೆ. 80 ಹರ್ಟ್ಜ್ ಟೋನ್ ಹಾಕಿ, ಚಾಲಕನ ಸೀಟಿನಲ್ಲಿ ಕೂತು, ಇನ್ನೊಬ್ಬರಿಂದ ಸ್ವಿಚ್ ಬದಲಿಸಿ. ಯಾವುದರಲ್ಲಿ ಹೆಚ್ಚು ಕೇಳುತ್ತದೋ ಅದೇ ಸರಿ.

ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸಲಾರದು. ಆದರೂ ಬೇಸ್ ಹಿಂದಿನಿಂದಲೇ ಬರುತ್ತಿದೆ ಅನ್ನಿಸಿದರೆ ಎರಡು ಅನುಮಾನ: ಫಿಲ್ಟರ್ ತೀರಾ ಮೇಲಿದೆ, ಇಲ್ಲವೇ ನಂಬರ್ ಪ್ಲೇಟ್, ಜಾಕ್, ಸ್ಪ್ಯಾನರ್, ಡಿಕ್ಕಿ ಮುಚ್ಚಳದ ತಗಡು ಗಡಗಡಿಸುತ್ತಿದೆ. ನಂಬರ್ ಪ್ಲೇಟಿನ ಹಿಂದೆ ಫೋಮ್ ಪಟ್ಟಿ, ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಬೇಸ್ ಮುಂದಕ್ಕೆ ಬಂದಂತೆ ತೋರುತ್ತದೆ.

ಕಂಪನಿಯಿಂದಲೇ ಬಂದ ಎಷ್ಟೋ ಸ್ಟೀರಿಯೊಗಳು, ತಮ್ಮ ಬಾಗಿಲಿನ ಸಣ್ಣ ಸ್ಪೀಕರುಗಳು ಹರಿಯದಿರಲೆಂದು, ವಾಲ್ಯೂಮ್ ಏರಿಸಿದಂತೆ ಬೇಸನ್ನು ತಾವಾಗಿಯೇ ಕತ್ತರಿಸುತ್ತವೆ. ಸಿಗ್ನಲ್‌ನಲ್ಲೇ ಇಲ್ಲದ್ದನ್ನು ಯಾವ ಸಬ್ ತಂದುಕೊಟ್ಟೀತು? ಆಗ ಬೇಕಿರುವುದು ಕಳೆದ ಬೇಸನ್ನು ತುಂಬಿಕೊಡುವ ಪ್ರೊಸೆಸರ್.

ಮೃದಂಗದ ಎಡಮುಖಕ್ಕೆ ಕಚೇರಿಗೆ ಮುಂಚೆ ನಾದಿದ ರವೆ ಮೆತ್ತುವುದನ್ನು ನೋಡಿದ್ದೀರಲ್ಲ? ತೂಕ ಹೆಚ್ಚಿದರೆ ಕಂಪನ ನಿಧಾನವಾಗಿ ನಾದ ತಗ್ಗುತ್ತದೆ. ಸಬ್‌ವೂಫರಿನ ಕೋನನ್ನು ಭಾರವಾಗಿ ಮಾಡುವುದೂ ಇದೇ ಲೆಕ್ಕದಿಂದ. ಭಾರದ ಬೆಲೆಯೂ ಇದೆ: ಅದನ್ನು ಅಲುಗಿಸಲು ಹೆಚ್ಚು ಶಕ್ತಿ ಬೇಕು. ಕೊಟ್ಟ 100 ವ್ಯಾಟ್‌ನಲ್ಲಿ ಸದ್ದಾಗಿ ಹೊರಬರುವುದು ಸಾಮಾನ್ಯವಾಗಿ ಒಂದು ವ್ಯಾಟ್‌ಗಿಂತ ಕಡಿಮೆ, ಉಳಿದದ್ದೆಲ್ಲ ಶಾಖ.

ಆ ಶಾಖದಿಂದಲೇ ಒಂದು ಒಗಟು ಬಿಡಿಸಿಕೊಳ್ಳುತ್ತದೆ. ಊರು ಬಿಡುವಾಗ ಚೆನ್ನಾಗಿದ್ದ ಬೇಸ್ ಒಂದು ಗಂಟೆಯಲ್ಲಿ ಯಾಕೆ ಕುಗ್ಗಿತು? ತಾಮ್ರ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಅದರ ತಡೆ ನೂರಕ್ಕೆ 39ರಷ್ಟು ಏರುತ್ತದೆ, ಕಾಯಿಲಿಗೆ ಹರಿಯುವ ಕರೆಂಟ್ ಇಳಿಯುತ್ತದೆ. ಸ್ವಲ್ಪ ಹೊತ್ತು ತಗ್ಗಿಸಿ ಬಾರಿಸಿದರೆ ತಾನಾಗಿ ಸರಿಹೋಗುತ್ತದೆ.

100 ಡೆಸಿಬೆಲ್ ಸದ್ದಿಗೆ ಕಿವಿ ಕ್ಷೇಮವಾಗಿ ತಾಳುವುದು ದಿನಕ್ಕೆ 15 ನಿಮಿಷ ಎಂದು ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ನಿಯೋಷ್ ಲೆಕ್ಕ ಹಾಕಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾಗ ಇದು ನೆನಪಿರಲಿ.

ಇಷ್ಟೆಲ್ಲ ಸರಿಯಿದ್ದೂ ಸದ್ದು ಸರಿಯಿಲ್ಲವೆಂದರೆ ಈಗ ಸಬ್‌ನ ಸರದಿ. ವೈರ್ ಕಳಚಿ ಪ್ರತಿ ಕಾಯಿಲನ್ನೂ ಓಮ್‌ನಲ್ಲಿ ಅಳೆಯಿರಿ. 4 ಓಮ್‌ನ ಕಾಯಿಲ್ ಮೀಟರಿನಲ್ಲಿ 3.2ರಿಂದ 3.8ರ ಆಸುಪಾಸು ತೋರಿಸುತ್ತದೆ, ಅದು ಸರಿಯೇ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಸೊನ್ನೆಯ ಹತ್ತಿರ ನಿಂತರೆ ಒಳಗೆ ಶಾರ್ಟ್ ಆಗಿದೆ. ಆಮೇಲೆ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಕರಕರ ಉಜ್ಜಿದ ಸದ್ದು ಬಂದರೆ ಸುಟ್ಟ ಕಾಯಿಲ್ ಮ್ಯಾಗ್ನೆಟ್‌ನ ಸಂದಿಗೆ ತಾಗುತ್ತಿದೆ. ಆಗಲೂ ಇಡೀ ಸಬ್ಬನ್ನು ಗುಜರಿಗೆ ಹಾಕಬೇಕಿಲ್ಲ. ಚೌಕಟ್ಟು, ಮ್ಯಾಗ್ನೆಟ್ ಹಾಗೇ ಉಳಿಸಿಕೊಂಡು ಕಾಯಿಲ್, ಕೋನ್, ಸ್ಪೈಡರ್ ಮಾತ್ರ ಹೊಸದಾಗಿ ಕೂರಿಸುವುದಕ್ಕೆ ರೀಕೋನ್ ಎನ್ನುತ್ತಾರೆ. ಮೈಕ್ ಸೆಟ್‌ನವರ ಸ್ಪೀಕರುಗಳನ್ನು ರಿಪೇರಿ ಮಾಡುವ ಅಂಗಡಿಗಳಲ್ಲಿ ವಿಚಾರಿಸಿ, ನಿಮ್ಮ ಸಬ್‌ನ ಮಾಡೆಲ್ಲಿಗೆ ರೀಕೋನ್ ಕಿಟ್ ಸಿಗುತ್ತದೆಯೇ ಎಂದು ಮೊದಲು ಕೇಳಿಕೊಂಡು ಕೊಡಿ.